ವಿದ್ಯಾಕಾಶಿಯೂ ಅನುಭವದ ಶಿಕ್ಷಣವೂ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳ ಕಳೆಯೇ ಬದಲಾಗಿಬಿಡುವದು. ಮಾತು ತಗ್ಗುವದು, ನಗೆಯು ಅಡಗುವದು, ಬೀಗರು-ನೆಂಟರಿಗೆ ಸದ್ಯಕ್ಕೆ ಬರಬೇಡಿರೆಂದು ಹೇಳಿ ಕಳಿಸಲಾಗುವದು. ನುಗ್ಗಿಕೇರಿ ಹನುಮಪ್ಪನ ಗುಡಿಯಲ್ಲಿ ಶನಿವಾರದ ದಟ್ಟಣೆಯು ಹೆಚ್ಚುವದು. ಇದು ಹದಿನಾರು ವರುಷದ ಮಕ್ಕಳ ಮಾತಾಗಿದ್ದರೆ ಹೋಗಲಿ ಎನ್ನಬಹುದಾಗಿತ್ತು. ಆದರೆ 2024ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರವು ಐದನೆಯ ಇಯತ್ತೆಯ ಕೂಸುಗಳನ್ನು ಸಹ ಮಂಡಳಿಯ ಪರೀಕ್ಷೆಗೆ ಕುಳ್ಳಿರಿಸಿತು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ಇಳಿದು ಮತ್ತೆ ಏರಿ, ಕಡೆಗೆ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಆ ಪರೀಕ್ಷೆಯ ಫಲಿತಾಂಶಗಳಿಗೆ ತಡೆಯಾಜ್ಞೆಯನ್ನಿತ್ತಿತು. ಹಿರಿಯರು ವಾದಿಸಿದರು, ನ್ಯಾಯಮೂರ್ತಿಗಳು ಆಜ್ಞೆಯಿತ್ತರು, ಪತ್ರಿಕೆಗಳು ಬರೆದವು. ಹತ್ತು ವರುಷದ ಮಗುವು ಮಾತ್ರ ತಾನು ಪಾಸೋ ನಾಪಾಸೋ ಎಂದು ಕೇಳುತ್ತ ಕುಳಿತಿತು.

ನಾವು ಪರೀಕ್ಷೆಯ ವೈರಿಗಳಲ್ಲ. ಯಾವ ವಿದ್ಯೆಗಾದರೂ ಒಂದು ಒರೆಗಲ್ಲು ಬೇಕೆಂಬದನ್ನು ನಾವು ಬಲ್ಲೆವು. ಆದರೆ ಒರೆಗಲ್ಲನ್ನೇ ಬಂಗಾರವೆಂದು ಕೊರಳಿಗೆ ಕಟ್ಟಿಕೊಂಡವರ ಗತಿಯೇನಾಗುವದೆಂಬದು ಅದೇ ವರುಷದ ಹತ್ತನೆಯ ಇಯತ್ತೆಯ ಫಲಿತಾಂಶದಿಂದ ಕಣ್ಣಿಗೆ ಕಾಣಿಸಿತು. 2023ರಲ್ಲಿ ಶೇಕಡಾ 83.89ರಷ್ಟಿದ್ದ ಉತ್ತೀರ್ಣರ ಪ್ರಮಾಣವು, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಕೂಡಿಸಿದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಧಾರಾಳವಾಗಿ ಹಂಚಿದ ಮೇಲೆ! ಕ್ಯಾಮರಾದ ಕಣ್ಣು ತೆರೆದ ಮಾತ್ರಕ್ಕೆ ಮಾಯವಾಗುವ ವಿದ್ಯೆಯು ಮೊದಲಾದರೂ ಎಲ್ಲಿ ಇದ್ದಿತೆಂದು ಕೇಳುವ ಅಧಿಕಾರವು ತಾಯಿತಂದೆಗಳಿಗೆ ಇದೆ. ಅವರು ಕೇಳಲಿಲ್ಲ. ಟ್ಯೂಶನ್ನಿನ ಹೊತ್ತನ್ನು ಇನ್ನೊಂದು ತಾಸು ಹೆಚ್ಚಿಸಿದರು.

ಧಾರವಾಡಕ್ಕೆ ವಿದ್ಯಾಕಾಶಿಯೆಂಬ ಬಿರುದು ಸುಮ್ಮನೆ ಬಂದುದಲ್ಲ. 1890ರಲ್ಲಿ ವಿದ್ಯಾವರ್ಧಕ ಸಂಘವು ಇಲ್ಲಿ ಹುಟ್ಟಿತು, 1917ರಲ್ಲಿ ಕರ್ನಾಟಕ ಕಾಲೇಜು ಆಯಿತು, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಇಲ್ಲಿಯೇ ನೆಲೆನಿಂತಿತು, 2016ರಿಂದ ಐ.ಐ.ಟಿ.ಯೂ ಇದೆ. ಇವೆಲ್ಲವುಗಳ ಬಗ್ಗೆ ನಮಗೆ ಅಭಿಮಾನವುಂಟು. ಆದರೂ ಈ ಸೀಮೆಯ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದವರು ಎಲ್ಲಿ ಕಲಿತರು, ಹೇಗೆ ಕಲಿತರು ಎಂದು ವಿಚಾರಿಸಹೋದರೆ, ನಾವು ಈ ಭವ್ಯ ಕಟ್ಟಡಗಳನ್ನು ಬಿಟ್ಟು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದಲ್ಲಿ ಇಳಿಯಬೇಕಾಗುವದು.

ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಒಂದು ಸಣ್ಣ ಊರು. ಅಲ್ಲಿಯ ರಾಮಭಾವು ಕುಂದಗೋಳಕರರು ಅಬ್ದುಲ ಕರೀಮಖಾನ ಸಾಹೇಬರ ಶಿಷ್ಯರಾಗಿ, ರಂಗಭೂಮಿಯ ಮೇಲೆ ಸವಾಯಿ ಗಂಧರ್ವರೆನಿಸಿ, ಕಡೆಗೆ ತಮ್ಮೂರಿಗೆ ಬಂದು ನೆಲೆಸಿದರು. ಅವರ ಮನೆಯಲ್ಲಿ ಗಂಟೆಯಿರಲಿಲ್ಲ, ಇಯತ್ತೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಸುಮಾರು ಮೂರು ವರುಷಗಳ ಕಾಲ ಹುಬ್ಬಳ್ಳಿಯಿಂದ ಅಲ್ಲಿಗೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಹೋಗುವದು ಬರುವದು, ನಡುವೆ ಗುರುವಿನೆದುರು ಕುಳಿತು ಒಂದೇ ಸ್ವರವಾಕ್ಯವನ್ನು ಅದು ಸರಿಹೋಗುವವರೆಗೆ ಹಾಡುವದು, ಮನೆಗೆ ಬಂದು ಮತ್ತೆ ಹಾಡುವದು. ಶಾಲೆಯ ದೃಷ್ಟಿಯಿಂದ ನೋಡಿದರೆ ಅವರ ವಿದ್ಯೆಯು ಪ್ರಾಥಮಿಕದಲ್ಲಿಯೇ ಮುಗಿದಿದ್ದಿತು. ಮುಂದೆ ಅದೇ ಗಂಗೂಬಾಯಿಯವರನ್ನು ಕರ್ನಾಟಕ ವಿಶ್ವವಿದ್ಯಾಲಯವು ಸಂಗೀತದ ಗೌರವ ಪ್ರಾಧ್ಯಾಪಕರನ್ನಾಗಿ ಕರೆಯಿತೆಂಬದನ್ನು ನಮ್ಮ ವಿದ್ಯಾಖಾತೆಯವರು ಒಮ್ಮೆ ಸಾವಕಾಶವಾಗಿ ಯೋಚಿಸಬೇಕು.

ಅವರ ಜೀವನದ ಇನ್ನೊಂದು ಪ್ರಸಂಗವು ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅವರ ಧ್ವನಿಯು ಇಳಿದು ಗಡುಸಾಯಿತು. ಹೆಣ್ಣುಮಕ್ಕಳ ಗಾಯನವೆಂದರೆ ಸಣ್ಣ ಕಂಠವೇ ಭೂಷಣವೆಂದು ತಿಳಿದಿದ್ದ ಕಾಲವದು. ನಮ್ಮ ಇಂದಿನ ಲೆಕ್ಕದಲ್ಲಿ ಅದು ನಾಪಾಸು. ಅವರು ಅದನ್ನು ನಾಪಾಸೆಂದು ತಿಳಿಯಲಿಲ್ಲ. ಕಳೆದುಹೋದ ಕಂಠವನ್ನು ಹಂಬಲಿಸುತ್ತ ಕೂಡದೆ, ಇದ್ದ ಕಂಠಕ್ಕೆ ಯಾವ ಗಾಯನವು ಒಪ್ಪುವದೆಂಬದನ್ನು ಹಾಡಿ ಹಾಡಿ ಕಂಡುಕೊಂಡರು. ಆ ಗಂಭೀರ ಧ್ವನಿಯೇ 2009ರಲ್ಲಿ ಅವರು ತೀರಿಕೊಳ್ಳುವವರೆಗೆ ಅವರ ಗುರುತಾಗಿ ಉಳಿಯಿತು. ಬಾಲ್ಯದಲ್ಲಿ ಅವರು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮಹಾತ್ಮರ ಎದುರು ಹಾಡಿದ್ದರು. ಅದೇ ಅಧಿವೇಶನದಲ್ಲಿ ಹುಬ್ಬಳ್ಳಿಯ ಡಾಕ್ಟರ ಹರ್ಡೀಕರರು ತಯಾರುಮಾಡಿದ ಸ್ವಯಂಸೇವಕ ತರುಣರು ಬಿಸಿಲು ಚಳಿಗಳೆನ್ನದೆ ದುಡಿದರು. ಶಿಸ್ತು, ಸೇವೆ, ನಾಗರಿಕತ್ವ ಎಂಬ ಪಾಠಗಳನ್ನು ಆ ಹುಡುಗರು ಯಾವ ಪುಸ್ತಕದ ಯಾವ ಪುಟದಲ್ಲಿಯೂ ಓದಿ ಕಲಿತಿರಲಿಲ್ಲ.

ಕುಂದಗೋಳಕ್ಕೆ ಬಂದ ಮತ್ತೊಬ್ಬ ಹುಡುಗನ ಕಥೆಯು ಪ್ರಸಿದ್ಧವೇ ಇದೆ. ಗದುಗಿನ ಶಿಕ್ಷಕ ಗುರುರಾಜ ಜೋಶಿಯವರ ಮಗ ಭೀಮಸೇನನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿಹೋದನು. ಶಿಕ್ಷಕರ ಮಗನೇ ಶಾಲೆಬಿಟ್ಟು ಓಡಿದನೆಂಬುದರಲ್ಲಿ ಒಂದು ವಿನೋದವಿದೆ. ಆದರೆ ಆ ತಂದೆಯ ಸಂಕಟವನ್ನು ನೆನೆದರೆ ನಗೆ ಬಾರದು. ಗ್ವಾಲಿಯರವನ್ನು ಕಂಡು, ಊರೂರು ಅಲೆದು ಜಾಲಂಧರದಲ್ಲಿದ್ದ ಮಗನನ್ನು ಅವರು ಪತ್ತೆಮಾಡಿ ಕರೆತಂದರು. ಕರೆತಂದ ಮೇಲೆ ಮಗನು ಮತ್ತೆ ಹಾಡಿನ ಹಾದಿಯನ್ನೇ ಹಿಡಿದನು. 1936ರಲ್ಲಿ ಸವಾಯಿ ಗಂಧರ್ವರ ಶಿಷ್ಯನಾಗಿ, ಗುರುಗೃಹದಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಕೇಳಿ ಕೇಳಿ ಕಲಿತನು. ಭಾರತರತ್ನ ಪದವಿಯವರೆಗೆ ನಡೆದ ಆ ಮಾರ್ಗವನ್ನು ನಾವಿಲ್ಲಿ ಮತ್ತೆ ವರ್ಣಿಸಬೇಕಾಗಿಲ್ಲ. ಮಗನ ಒಲವನ್ನು ತುಳಿಯಬೇಕೋ ಬೆಳೆಸಬೇಕೋ ಎಂಬ ಪ್ರಶ್ನೆಯು ಸಾಮಾನ್ಯ ಸಂಬಳದ ಒಬ್ಬ ಶಿಕ್ಷಕರ ಮುಂದೆ ಬಂದಾಗ ಅವರು ಅದನ್ನು ಬೆಳೆಯಗೊಟ್ಟರೆಂಬಷ್ಟನ್ನು ಮಾತ್ರ ನೆನಪಿಸುವೆವು.

ಹೀಗೆಂದ ಮಾತ್ರಕ್ಕೆ ಮಕ್ಕಳನ್ನೆಲ್ಲ ಶಾಲೆ ಬಿಡಿಸಿ ಗುರುಮನೆಯ ನೀರು ಹೊರಿಸಬೇಕೆಂದು ನಾವು ಹೇಳುವೆವೆಂದು ಯಾರೂ ತಿಳಿಯಬಾರದು. ಗುರುಗೃಹದ ಬಾಗಿಲು ಬಹು ಕಿರಿದು. ಅದರೊಳಗೆ ಹೋದವರಲ್ಲಿ ಬೆಳಗಿದವರ ಹೆಸರನ್ನು ನಾವು ಬಲ್ಲೆವು. ನೀರು ಹೊತ್ತುದಷ್ಟೇ ಲಾಭವಾಗಿ ಹಿಂದಿರುಗಿದವರನ್ನು ಯಾರೂ ಲೆಕ್ಕವಿಟ್ಟಿಲ್ಲ. ಅದಲ್ಲದೆ ಅನುಭವವೆಂಬುದೆಲ್ಲವೂ ಶಿಕ್ಷಣವಲ್ಲ. ಅಮೇರಿಕೆಯ ತತ್ವಜ್ಞಾನಿ ಜಾನ್ ಡ್ಯೂಯಿಯವರು ಅನುಭವದಿಂದಲೇ ಶಿಕ್ಷಣವೆಂದು ಜೀವಮಾನವಿಡೀ ಸಾರಿದವರು. ಅವರೇ 1938ರಲ್ಲಿ, ಮುಂದಿನ ಬೆಳವಣಿಗೆಯನ್ನು ಮೊಟಕುಮಾಡುವ ಅನುಭವಗಳೂ ಉಂಟೆಂದು ಎಚ್ಚರಿಸಿದರು. ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಲೋಟ ತೊಳೆಯುವ ಹುಡುಗನಿಗೆ ಅನುಭವಕ್ಕೇನು ಕಡಿಮೆ? ಬೇಕಾದಷ್ಟಿದೆ. ಇಲ್ಲದ್ದು ಯಾವುದೆಂದರೆ, ಮಾಡಿದ್ದನ್ನು ತಿರುಗಿ ನೋಡುವ ಬಿಡುವು, ತಪ್ಪಿದಲ್ಲಿ ಹೀಗಲ್ಲ ಹಾಗೆ ಎಂದು ತಿದ್ದುವ ಹಿರಿಯನ ಕಣ್ಣು, ನಾಳೆ ಇದಕ್ಕಿಂತ ದೊಡ್ಡದನ್ನು ಮಾಡಬಹುದೆಂಬ ಆಸೆ. ಕುಂದಗೋಳದಲ್ಲಿ ಈ ಮೂರೂ ಇದ್ದವು. ನಮ್ಮ ಟ್ಯೂಶನ್ನಿನ ಕೋಣೆಯಲ್ಲಿ ಮೂರೂ ಇಲ್ಲ. ಆ ಮಟ್ಟಿಗೆ ಚಹದಂಗಡಿಯ ಹುಡುಗನೂ ವಕೀಲರ ಮಗನೂ ಒಂದೇ ಬಡತನವನ್ನು ಉಣ್ಣುತ್ತಿರುವರು.

ಮನುಷ್ಯನು ತಾನು ಏನಾಗಬಲ್ಲನೋ ಅದಾಗಬೇಕೆಂಬ ಹಸಿವು ಆತನಲ್ಲಿ ಸಹಜವಾಗಿದೆಯೆಂದು ಅದೇ ಅಮೇರಿಕೆಯ ಮನಃಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಬರೆದರು. ಮೊದಲು ಅನ್ನ, ಆಮೇಲೆ ಅಭಯ, ಬಳಿಕ ಪ್ರೀತಿ, ಅನಂತರ ಮಾನ, ಇವು ದೊರೆತ ಮೇಲೆ ಈ ಆತ್ಮವಿಕಾಸದ ಹಸಿವು ತಲೆದೋರುವದೆಂದು ಅವರ ಮತ. ಇದರಲ್ಲಿ ಸತ್ಯಾಂಶವು ಬಹಳ ಇದೆ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರುಷ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟವು ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿಯೇ ತೀರಬೇಕೆಂದು ತಿಳಿದರೆ ತಪ್ಪಾದೀತು. ಈ ಅನುಕ್ರಮವು ಅಷ್ಟು ಬಿಗಿಯಾದುದಲ್ಲವೆಂದು ಅವರೇ ಒಪ್ಪಿದ್ದಾರೆ. ಅನ್ನಕ್ಕೂ ಮಾನಕ್ಕೂ ಕೊರತೆಯಿದ್ದ ದಿನಗಳಲ್ಲಿಯೇ ಗಂಗೂಬಾಯಿಯವರು ಹಾಡಿದರು. ಬಡವರ ಮಕ್ಕಳಿಗೆ ಮೊದಲು ಹೊಟ್ಟೆ ತುಂಬಲಿ, ಆನಂದ-ಆತ್ಮವಿಕಾಸದ ಮಾತು ಆಮೇಲೆ ನೋಡೋಣ ಎನ್ನುವ ಅಧಿಕಾರಿಗಳಿಗೆ ಇಷ್ಟನ್ನು ಹೇಳಬೇಕಾಯಿತು.

ನಮ್ಮ ದೇಶದಲ್ಲಿ ಈ ವಿಚಾರವು ಹೊಸತಲ್ಲ. ಅನುಭವಕ್ಕೂ ಅನುಭಾವಕ್ಕೂ ನಡುವೆ ಒಂದೇ ದೀರ್ಘದ ಅಂತರವನ್ನಿಟ್ಟ ಭಾಷೆ ನಮ್ಮದು. ಕಾಯಕದ ಕೈಯಿಂದಲೇ ಅರಿವಿಗೆ ಹೋದ ಶರಣರು ನಮ್ಮವರು. ಆಧುನಿಕ ಕಾಲದಲ್ಲಿ 1937ರ ಅಕ್ಟೋಬರದಲ್ಲಿ ವರ್ಧೆಯಲ್ಲಿ ಕೂಡಿದ ಪರಿಷತ್ತು, ಕೈಗೆಲಸದ ಮುಖಾಂತರ ಶಿಕ್ಷಣವೆಂಬ ಗಾಂಧೀಜಿಯವರ ವಿಚಾರವನ್ನು ಅಂಗೀಕರಿಸಿತು. ಡಾಕ್ಟರ ಝಾಕೀರ ಹುಸೇನರ ಸಮಿತಿಯು ಪಠ್ಯಕ್ರಮವನ್ನು ಹೊಂದಿಸಿಕೊಟ್ಟಿತು. ನಮ್ಮ ಧಾರವಾಡ ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲವು ಅದನ್ನು ಕೈಗೊಂಡಿತು. ಕೆಟ್ಟದ್ದೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಎರಡು ಕಡೆಗೆ ಕೆಟ್ಟಿತು. ನೂಲುವದನ್ನು ವೇಳಾಪತ್ರಿಕೆಯ ಒಂದು ತಾಸನ್ನಾಗಿ ಮಾಡಿದರೇ ಹೊರತು, ಆ ನೂಲಿನಿಂದ ಲೆಕ್ಕ, ಭೂಗೋಲ, ಇತಿಹಾಸಗಳನ್ನು ಹೊರಡಿಸುವ ಶಕ್ತಿಯು ಎಲ್ಲ ಮಾಸ್ತರರಿಗೂ ಬರಲಿಲ್ಲ. ಇತ್ತ ಪಟ್ಟಣಿಗರು ತಮ್ಮ ಮಕ್ಕಳನ್ನು ಇಂಗ್ಲಿಷ ಶಾಲೆಗೆ ಹಾಕಿ, ಟಕಳಿಯನ್ನು ಹಳ್ಳಿಯ ಮಕ್ಕಳಿಗೆ ಬಿಟ್ಟರು. ಇದನ್ನು ಕಂಡ ಹಳ್ಳಿಗನು, ಸಾಹೇಬನ ಮಗನಿಗೆ ಬೇಡವಾದದ್ದು ತನ್ನ ಮಗನಿಗೇಕೆಂದು ಕೇಳಿದನು. ಆತನ ಪ್ರಶ್ನೆಯು ನ್ಯಾಯವಾಗಿಯೇ ಇದ್ದಿತು. ಮುಂದೆ 1964ರಿಂದ 66ರ ವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಇದಕ್ಕೆ ಕಾರ್ಯಾನುಭವವೆಂಬ ಹೊಸ ಹೆಸರನ್ನಿಟ್ಟಿತು. ಹೆಸರೇನೋ ಚೆನ್ನಾಗಿದೆ, ಕಾರ್ಯವೂ ಇಲ್ಲದೆ ಅನುಭವವೂ ಇಲ್ಲದೆ ಅಂಕಗಳನ್ನು ಮಾತ್ರ ತುಂಬಿದ ಎಷ್ಟೋ ಅಂಕಪಟ್ಟಿಗಳನ್ನು ನಾವು ನೋಡಿದ್ದೇವೆ.

ಟಕಳಿಯ ಮಾತು ಬಂತೆಂದು ಒಂದು ಸಂಗತಿಯನ್ನು ಇಲ್ಲಿ ಹೇಳುವೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಭಾರತದ ರಾಷ್ಟ್ರಧ್ವಜವನ್ನು ಮಾನಕ ಸಂಸ್ಥೆಯ ಪ್ರಮಾಣದೊಡನೆ ತಯಾರಿಸುವ ಹೆಸರು ಅದರದು. ಧ್ವಜದ ಖಾದಿಯನ್ನು ನೇಯುವ ಗರಗವು ಧಾರವಾಡಕ್ಕೆ ಸಮೀಪದ ಊರು. ಇವೆರಡೂ ಕಡೆ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕೈಯಷ್ಟಗಲದಿಂದ ಹಿಡಿದು 21 ಅಡಿ ಉದ್ದದವರೆಗೆ ಒಂಬತ್ತು ಅಳತೆಗಳು. ಅಗಲ ಎರಡಾದರೆ ಉದ್ದ ಮೂರು. ಚಕ್ರಕ್ಕೆ 24 ಅರಗಳು, ಅದೂ ಬಟ್ಟೆಯ ಎರಡೂ ಮಗ್ಗುಲಿಗೆ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಬಣ್ಣ ತುಸು ಮಾಸಲಾದರೂ, ಹೊಲಿಗೆ ಎಳೆಯಷ್ಟು ಸೊಟ್ಟಾದರೂ ತಪಾಸಣೆಯಲ್ಲಿ ಉಳಿಯದು. ಹೆಚ್ಚು ಶಾಲೆ ಕಾಣದ ಒಬ್ಬ ತಾಯಿಯು ಪ್ರಮಾಣವೆಂಬ ಗಣಿತವನ್ನು ಬೆರಳ ತುದಿಯಲ್ಲಿಟ್ಟುಕೊಂಡು ಹೊಲಿಯುವದನ್ನು ಕಂಡರೆ, ಅದೇ ಪ್ರಮಾಣದ ಲೆಕ್ಕಕ್ಕೆ ಹೆದರಿ ಅಳುವ ನಮ್ಮ ಮಕ್ಕಳ ನೆನಪಾಗುವದು. ಅವಳ ಕೈಗೆ ಆ ಹದವು ಬಂದದ್ದು ಕೆಡಿಸಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ್ದರಿಂದ. 2021ರ ಕೊನೆಗೆ ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿನ ಯಂತ್ರಧ್ವಜಗಳಿಗೆ ಅವಕಾಶವನ್ನಿತ್ತದ್ದರಿಂದ ಈ ಕೈಗಳಿಗೆ ಕೆಲಸ ಕಡಿಮೆಯಾಯಿತೆಂಬ ದುಃಖವು ಬೇರೆಯೇ ಇದೆ. ಅದನ್ನು ಕುರಿತು ಬೇರೆ ಬರೆಯತಕ್ಕದ್ದು. ಇಲ್ಲಿ ನಮ್ಮ ಪ್ರಶ್ನೆಯು ಇಷ್ಟೇ: ಪ್ರತಿವರುಷ ಆಗಸ್ಟ 15ರಂದು ಧ್ವಜಕ್ಕೆ ವಂದಿಸುವ ಹುಬ್ಬಳ್ಳಿ-ಧಾರವಾಡದ ಮಕ್ಕಳಲ್ಲಿ ಎಷ್ಟು ಜನರು ಬೆಂಗೇರಿಯ ಬಾಗಿಲೊಳಗೆ ಕಾಲಿಟ್ಟಿದ್ದಾರೆ?

ಒಳ್ಳೆಯ ಪ್ರಯತ್ನಗಳು ಇಲ್ಲವೆಂದಲ್ಲ. ಕಲಕೇರಿಯಲ್ಲಿ 2002ರಿಂದ ನಡೆದಿರುವ ಸಂಗೀತ ವಿದ್ಯಾಲಯವು ಹಳ್ಳಿಯ ಬಡಮಕ್ಕಳಿಗೆ ಊಟ, ವಸತಿ, ಶಾಲೆಯ ಪಾಠಗಳೊಡನೆ ಹಿಂದುಸ್ತಾನಿ ಸಂಗೀತವನ್ನು ಪುಕ್ಕಟೆಯಾಗಿ ಕಲಿಸುತ್ತಿದೆ. ಕುಂದಗೋಳದ ಕಿರಿದಾದ ಬಾಗಿಲನ್ನು ಅದು ತುಸುವಾದರೂ ಅಗಲಿಸಿದೆಯೆನ್ನಬೇಕು. ಧಾರವಾಡದ ಬಾಲಬಳಗವು ಕನ್ನಡದಲ್ಲಿಯೇ, ಮಾಡಿ ಕಲಿಯುವ ಮಾರ್ಗವನ್ನು ಹಿಡಿದಿದೆ. ಸರಕಾರಿ ಶಾಲೆಗಳಲ್ಲಿ ನಲಿ-ಕಲಿಯುಂಟು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಕೆಲವು ಮಾಸ್ತರರು ಋಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದು, ಮಗುವು ತನ್ನ ನಡಿಗೆಯಲ್ಲಿ ಮುಂದೆ ಹೋಗುವಂತೆ ಹೊಂದಿಸಿದ ಪದ್ಧತಿಯದು. ಅಲ್ಲಿ ಅದಕ್ಕೆ ಜೀವವಿದ್ದಿತು, ಏಕೆಂದರೆ ಮಾಸ್ತರರೂ ಕಲಿಯುತ್ತಿದ್ದರು. 2009ರಲ್ಲಿ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಕಾರ್ಡುಗಳು ಎಲ್ಲ ಶಾಲೆಗೂ ಹೋದವು. ಮಾಸ್ತರರ ಆ ಅನುಭವವನ್ನು ಮಾತ್ರ ಲಾರಿಯಲ್ಲಿ ಹೇರಿ ಕಳಿಸಲು ಬರುವಂತಿರಲಿಲ್ಲ.

ಇನ್ನು ದೊಡ್ಡವರ ಮಾತು. ಸಪ್ತಾಪುರದ ಓಣಿಗಳಲ್ಲಿ ಸಾಯಂಕಾಲ ನಡೆದುನೋಡಬೇಕು. ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರ ಕಡೆಯ ತರುಣ ತರುಣಿಯರು ಸ್ಪರ್ಧಾ ಪರೀಕ್ಷೆಗಳಿಗೆಂದು ಬಂದು ಕೋಣೆ ಹಿಡಿದು, ಅಭ್ಯಾಸ ಕೇಂದ್ರಗಳ ಬಾಡಿಗೆಯ ಖುರ್ಚಿಗಳಲ್ಲಿ ದಿನದ ಹತ್ತು ಹನ್ನೆರಡು ತಾಸು ಓದುವರು. ಎರಡು ವರುಷವೆಂದು ಬಂದವರಿಗೆ ಐದಾಗುವವು. ಮದುವೆ, ಮನೆ, ತಾಯಿಯ ಕಣ್ಣಿನ ಆಪರೇಶನ್ನು, ಎಲ್ಲವೂ ಯಾದಿಯಲ್ಲಿ ಹೆಸರು ಬರುವವರೆಗೆ ಮುಂದಕ್ಕೆ. ಸುಖವೆಂಬುದನ್ನು ನಾಳೆಗೆ ಅಡವಿಟ್ಟು ಬದುಕುವ ಈ ಜನರನ್ನು ಆಲಸಿಗಳೆನ್ನುವವರು ಅವರ ಊರಿನ ಹೊಲವನ್ನು ಒಂದು ಬರಗಾಲದಲ್ಲಿ ನೋಡಿ ಬರಲಿ. ಮಳೆ ತಪ್ಪಿದರೂ ತಪ್ಪದೆ ಬರುವ ಸಂಬಳವನ್ನು ಆಶಿಸುವದು ತಪ್ಪಲ್ಲ. ಆದರೆ ಅವರ ಐದು ವರುಷಗಳಿಗೆ ಸರಕಾರವು ತೋರಿಸಿದ ಆದರವೆಂಥದು? 2024ರ ಆಗಸ್ಟ 27ರಂದು ಲೋಕಸೇವಾ ಆಯೋಗವು ನಡೆಯಿಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಕನ್ನಡಿಗರಿಗೇ ತಿಳಿಯದಂತಿದ್ದವು. ಕೂಗೆದ್ದು, ಡಿಸೆಂಬರ 29ರಂದು ಮರುಪರೀಕ್ಷೆಯಾಯಿತು; ಅದರಲ್ಲಿಯೂ ಭಾಷಾಂತರದ ದೋಷಗಳು ಕಂಡುಬಂದವು. ಪರೀಕ್ಷಾರ್ಥಿಯ ಒಂದು ತಪ್ಪಿಗೆ ಒಂದು ವರುಷದ ದಂಡ. ಪರೀಕ್ಷೆ ನಡೆಯಿಸುವವರು ತಮ್ಮ ಮೊದಲನೆಯ ತಪ್ಪಿನಿಂದ ನಾಲ್ಕು ತಿಂಗಳಲ್ಲಿ ಏನನ್ನೂ ಕಲಿಯಲಿಲ್ಲ. ಅನುಭವದ ಶಿಕ್ಷಣವು ಮಕ್ಕಳಿಗೆ ಮಾತ್ರ ಬೇಕಾದುದೆಂದು ತಿಳಿದವರಿಗೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ಈ ತರುಣರಲ್ಲಿ ಹೆಸರು ಬಾರದೆ ಊರಿಗೆ ಮರಳಿದವನನ್ನು ನಾವು ಏನೆಂದು ಕರೆಯುವೆವೆಂಬದನ್ನೂ ವಾಚಕರು ಯೋಚಿಸಬೇಕು. ಐದು ವರುಷ ಸಂವಿಧಾನವನ್ನು, ಅರ್ಥಶಾಸ್ತ್ರವನ್ನು, ಜಿಲ್ಲೆಯ ನೀರಾವರಿಯ ಲೆಕ್ಕವನ್ನು ಓದಿದವನು ಗ್ರಾಮಪಂಚಾಯತಿಗೆ, ಸಹಕಾರಿ ಸಂಘಕ್ಕೆ, ಊರ ಶಾಲೆಗೆ ಎಷ್ಟು ಉಪಯೋಗವಾದಾನು! ಆದರೆ ಅವನು ಬಂದೊಡನೆ ನಾವು ಕೇಳುವ ಮೊದಲನೆಯ ಮಾತು, ‘ಆಗಲಿಲ್ಲೇನು?’ ಎಂದು. ಅವನು ತಲೆ ತಗ್ಗಿಸುವನು. ಅಲ್ಲಿಗೆ ಆ ಐದು ವರುಷಗಳು ಅವನಿಗೂ ಊರಿಗೂ ನಷ್ಟವಾದವು.

ಆದುದರಿಂದ ನಾವು ದೊಡ್ಡ ಯೋಜನೆಗಳನ್ನು ಬೇಡುವದಿಲ್ಲ. ದೊಡ್ಡ ಯೋಜನೆಗಳ ಗತಿಯನ್ನು ಮೇಲೆ ಹೇಳಿದೆವು. ಕೇಳುವದು ಕೆಲವೇ. ಏಳನೆಯ ಇಯತ್ತೆಯವರೆಗಿನ ಮಕ್ಕಳಿಗೆ ಮಂಡಳಿಯ ಪರೀಕ್ಷೆಯನ್ನು ಮತ್ತೆ ಯಾವ ಹೆಸರಿನಿಂದಲೂ ತರಕೂಡದು. ವಾರಕ್ಕೆ ಅರ್ಧ ದಿನವನ್ನು ಪ್ರತಿಯೊಂದು ಶಾಲೆಯ ಮಾಸ್ತರರ ಇಚ್ಛೆಗೆ ಬಿಡಬೇಕು: ಅವರು ಮಕ್ಕಳನ್ನು ಕೆರೆಗೆ, ಅಂಚೆಕಚೇರಿಗೆ, ಬಡಿಗನ ಮನೆಗೆ, ಕೃಷಿ ವಿಶ್ವವಿದ್ಯಾಲಯದ ಹೊಲಗಳಿಗೆ, ಎಲ್ಲಿಗೆ ಬೇಕಾದರೂ ಕರೆದೊಯ್ಯಲಿ, ಅದಕ್ಕೆ ವರದಿಯನ್ನು ಕೇಳಬಾರದು, ಅಂಕವನ್ನು ಕೊಡಬಾರದು. ಇದು ಸರಕಾರಿ ಶಾಲೆಗೆ ಮಾತ್ರವಾಗದೆ ಖಾಸಗಿ ಇಂಗ್ಲಿಷ ಶಾಲೆಗಳಿಗೂ ಅನ್ವಯಿಸಬೇಕು. ಇಲ್ಲವಾದರೆ ಟಕಳಿಗಾದ ಅವಸ್ಥೆಯೇ ಇದಕ್ಕೂ ಆಗುವದು. ನಮ್ಮ ಮಹಾನಗರಪಾಲಿಕೆಯವರು ಎರಡು ಬಸ್ಸುಗಳ ಖರ್ಚನ್ನು ವಹಿಸಿಕೊಂಡರೆ ಐದನೆಯ ಇಯತ್ತೆಯ ಪ್ರತಿಯೊಂದು ಮಗುವೂ ವರುಷಕ್ಕೊಮ್ಮೆ ಬೆಂಗೇರಿಯನ್ನೋ ಗರಗವನ್ನೋ ಕಂಡು, ಸಾಧ್ಯವಾದರೆ ಒಂದೆರಡು ಮೊಳ ನೂಲನ್ನು ತಾನೇ ಎಳೆದು, ಹರಿದು, ಮತ್ತೆ ಎಳೆದು ಬರಬಹುದು. ಸಂಘದವರು ಇದಕ್ಕೆ ಒಲ್ಲೆವೆನ್ನಲಾರರೆಂದು ನಮ್ಮ ನಂಬಿಕೆ. ನವೆಂಬರ ತಿಂಗಳಲ್ಲಿ ಮಳೆ ನಿಂತಿರುವದು, ಪರೀಕ್ಷೆಗಳು ಇನ್ನೂ ದೂರವಿರುವವು. ಮೊದಲನೆಯ ಬಸ್ಸನ್ನು ಆ ತಿಂಗಳಲ್ಲಿಯೇ ಹೊರಡಿಸುವಂತೆ ಪಾಲಿಕೆಯವರು ಮುಂದಿನ ಸಭೆಯಲ್ಲಿ ಠರಾವು ಮಾಡಬೇಕೆಂದು ಸೂಚಿಸುವೆವು.